ನಿನ್ನೆಬಂಡೆಯ ಏಳನೇ ಹಾಡು

ಮಾತು ಆಡಿದರೆ ಬಂತು, ಮುತ್ತು ಒಡೆದರೆ ಹೋಯಿತು. ಗಾದೆ ಕೆಡಿಸಿದನೆಂದು ಕೆಂಪು ಪೆನ್ನು ಹಿಡಿದು ಬರಬೇಡಿ. ನಾನೂ ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ. ಪಾಸಾದವನೇ. ನಿಮ್ಮೂರಿನಲ್ಲಿ ಆಡಿದ ಮಾತು ಹೋಗುತ್ತದೆ. ನಮ್ಮೂರಿನಲ್ಲಿ ಅದು ಮರುದಿನ ಅದೇ ಹೊತ್ತಿಗೆ ಸರಿಯಾಗಿ ವಾಪಸು ಬರುತ್ತದೆ. ಆದ್ದರಿಂದ ಈಗ ಹೇಳುವುದು ಅಪ್ಪಟ ನಿಜ. ಸುಳ್ಳು ಹೇಳಿದರೆ ನಾಳೆ ಇಷ್ಟು ಹೊತ್ತಿಗೆ ಸಿಕ್ಕಿಬೀಳುವ ಊರಿನವನು ನಾನು.

ಊರ ಮೈದಾನದ ಪಡುವಣ ತುದಿಯಲ್ಲಿ ಮಂಡಿಯೂರಿದ ಆನೆಯಷ್ಟು ಎತ್ತರದ ಒಂದು ಬಂಡೆಯಿದೆ. ಹೆಸರು ನಿನ್ನೆಬಂಡೆ. ಅದರ ಎದುರು ಇವತ್ತು ಐದೂವರೆಗೆ ಆಡಿದ್ದು ನಾಳೆ ಐದೂವರೆಗೆ, ಅದೇ ದನಿಯಲ್ಲಿ, ಅದೇ ಕೆಮ್ಮಿನ ಸಮೇತ, ಮೈದಾನಕ್ಕೆಲ್ಲ ಕೇಳುತ್ತದೆ. ಒಂದೇ ಸಲ. ತಾನು ಹೇಳಿದ್ದನ್ನೇ ಎರಡನೇ ಸಲ ಹೇಳುವ ಚಾಳಿ ಅದಕ್ಕಿಲ್ಲ. ಈ ವಿಷಯದಲ್ಲಿ ನಮ್ಮ ಪುರಸಭೆ ಅಧ್ಯಕ್ಷರಿಗಿಂತ ಬಂಡೆಯೇ ವಾಸಿ. ಬೆನ್ನ ಹಿಂದೆ ಹೋಗಿ ಕಲ್ಲಿಗೆ ಬಾಯಿಟ್ಟು ಪಿಸುಗುಟ್ಟಿದರೂ ಬಿಡುವುದಿಲ್ಲ, ಮರುದಿನ ಅದನ್ನೂ ಡಂಗುರ ಸಾರುತ್ತದೆ.

ಇದಕ್ಕೆ ನಾವು ಹೊಂದಿಕೊಂಡು ಎಷ್ಟೋ ತಲೆಮಾರು ಕಳೆಯಿತು. ಮೈದಾನದಂಚಿನಲ್ಲಿ ಸೊಪ್ಪು ಮಾರುವ ಚೌಡಮ್ಮ ಬೆಲೆ ಕೂಗುವುದಿಲ್ಲ, ಬರೀ "ಸೊಪ್ಪೋ" ಎನ್ನುತ್ತಾಳೆ. ಬೆಲೆ ಕೂಗಿದರೆ ಮರುದಿನ ಬಂಡೆ ಹಳೇ ಬೆಲೆಯನ್ನೇ ಕೂಗಿ ವ್ಯಾಪಾರ ಕೆಡಿಸುತ್ತದೆ. ಗಂಡ ಹೆಂಡತಿ ಬಾಗಿಲು ಹಾಕಿಕೊಂಡೇ ಜಗಳವಾಡುತ್ತಾರೆ. ಅಪ್ಪಿತಪ್ಪಿ ಮೈದಾನದಲ್ಲಿ ಬಾಯಿ ಹರಿಯಿತೋ, ಮರುದಿನ ಆ ಹೊತ್ತಿಗೆ ಇಬ್ಬರೂ ಬೇರೆ ಬೇರೆ ಬಸ್ಸು ಹತ್ತಿ ಊರು ಬಿಟ್ಟಿರುತ್ತಾರೆ. "ನಾನು ಹಾಗಂದೇ ಇಲ್ಲ" ಎಂಬ ವಾಕ್ಯ ನಮ್ಮೂರಿನಲ್ಲಿ ಯಾರಿಗೂ ಬಳಕೆಯಿಲ್ಲ. ಮದುವೆಯಿದ್ದರೆ ಮುನ್ನಾದಿನ ಮುಹೂರ್ತದ ಹೊತ್ತಿಗೆ ಮೈದಾನ ಖಾಲಿ ಮಾಡಿಸಿ ಕಾವಲು ಕೂರುತ್ತಾರೆ; ತಾಳಿ ಕಟ್ಟುವಾಗ ಯಾರದೋ ನಿನ್ನೆಯ ಬೈಗುಳ ಬರಬಾರದಲ್ಲ. ಅದಕ್ಕೆ ಮುನ್ನಾಮೌನ ಎನ್ನುತ್ತೇವೆ. ಇನ್ನೊಂದು ಮಾತು: ನಮ್ಮಲ್ಲಿ ಯಾವುದೂ ತಡವಾಗಿ ಶುರುವಾಗುವುದಿಲ್ಲ. ಮುಖ್ಯ ಅತಿಥಿ ಬರಲಿ ಬಿಡಲಿ, ನಿನ್ನೆ ಯಾರಿಗೂ ಕಾಯುವುದಿಲ್ಲ.

ನನ್ನ ಹೆಸರು ವಿರೂಪಾಕ್ಷ. ಹೆಸರಿನಲ್ಲೇ ವಿರೂಪ ಇಟ್ಟ ಮೇಲೆ ಕಂಡವರ ದನಿಯನ್ನೆಲ್ಲ ವಿರೂಪಗೊಳಿಸುವುದು ಜನ್ಮಸಿದ್ಧ ಹಕ್ಕೆಂದುಕೊಂಡವನು. ಆಟೋಗೆ ಮೈಕು ಕಟ್ಟಿ ಬೀದಿ ಬೀದಿಯಲ್ಲಿ "ಮಹಾಜನಗಳಲ್ಲಿ ವಿನಂತಿ" ಎನ್ನುವುದು ಉದ್ಯೋಗ, ಮಿಮಿಕ್ರಿ ಚಟ. ಬಂಡೆಯ ಹತ್ತಿರ ಹೋದರೆ ಬೇರೆಯವರ ದನಿಯಲ್ಲಿ ಏನಾದರೂ ಬಿಟ್ಟು ಬರದೆ ಊಟ ಸೇರುತ್ತಿರಲಿಲ್ಲ. ಒಮ್ಮೆ ಅಧ್ಯಕ್ಷರ ದನಿಯಲ್ಲಿ ರಾಜೀನಾಮೆ ಕೊಟ್ಟಿದ್ದೆ. ಅದನ್ನು ಹಿಂತೆಗೆದುಕೊಳ್ಳಲು ಅವರು ಮರುದಿನ ತುರ್ತುಸಭೆ ಕರೆಯಬೇಕಾಯಿತು. ಊರಿನ ಪ್ರತಿಯೊಬ್ಬರೂ ತಮ್ಮ ದನಿಯನ್ನು ಹೊರಗಿನಿಂದ ಕೇಳಿಸಿಕೊಂಡು ನಾಚಿದವರೇ. ನಾನೊಬ್ಬ ಮಾತ್ರ ಬಂಡೆಯೆದುರು ನನ್ನ ದನಿಯಲ್ಲಿ ಒಂದಕ್ಷರ ಆಡಿರಲಿಲ್ಲ. ಇದನ್ನು ಗಮನಿಸಿದ್ದವಳು ಒಬ್ಬಳೇ. ಅವಳೇ ಈ ಕಥೆಯವಳು, ಸರ್ವಮಂಗಳಾ.

ಹೆಸರಿನಲ್ಲೇ ಮಂಗಳ ಇರುವುದರಿಂದ ಅವಳ ಕಛೇರಿ ಶುರುವಾಗುವ ಮುಂಚೆಯೇ ಮುಗಿದ ಲೆಕ್ಕ ಎಂದು ಕಾಲೇಜಿನಲ್ಲಿ ನಾನು ರೇಗಿಸುತ್ತಿದ್ದೆ. ಅವಳ ತಾಯಿ ಭಾಗ್ಯಮ್ಮನದು ಹಿಟ್ಟಿನ ಗಿರಣಿ. ಮಂಗಳಾಗೆ ತಂಬೂರಿ ಮೀಟಿ ಶ್ರುತಿ ಹಿಡಿದುಕೊಟ್ಟವರು ಯಾರೂ ಇಲ್ಲ. ಗಿರಣಿಯ ಬೆಲ್ಟು ತಿರುಗುವಾಗ ಹೊರಡುವ ಗುಂಯ್ ಎಂಬ ಸದ್ದೇ ಅವಳ ಷಡ್ಜ. ವರ್ಗವಾಗಿ ಹೋದ ಡ್ರಾಯಿಂಗ್ ಮೇಷ್ಟ್ರು ಬಿಟ್ಟುಹೋದ ಗಿಟಾರನ್ನು ಇಂದಿಗೂ ಅವಳು ಆ ಗುಂಯ್‌ಗೇ ಶ್ರುತಿ ಮಾಡುತ್ತಾಳೆ. ರಾಗಿ ಬೀಸಿಸಲು ಬಂದು ಕಾಯುತ್ತಿದ್ದವರೇ ಅವಳ ಮೊದಲ ಶ್ರೋತೃಗಳು. ಎದ್ದುಹೋಗುವಂತಿರಲಿಲ್ಲ, ಚೀಲ ಒಳಗಿತ್ತಲ್ಲ. ಕಾಲೇಜು ವಾರ್ಷಿಕೋತ್ಸವದಲ್ಲಿ ಅವಳು ತಾನೇ ಬರೆದ ಹಾಡು ಹಾಡಿದಳು, ನಾನು ಪ್ರಿನ್ಸಿಪಾಲರ ದನಿ ಮಾಡಿದೆ. ಅವಳಿಗೆ ಸ್ಟೀಲ್ ತಟ್ಟೆ ಬಂತು, ನನಗೆ ಮೆಮೋ ಬಂತು.

ಚಂದ್ರ ಚಕೋರರ ಸಹವಾಸ ಅವಳ ಹಾಡಿಗೆ ಇರಲಿಲ್ಲ. ಗುಂಡಿ ಉದುರಿದ ಅಂಗಿ, ರಾಗಿ ಚೀಲದ ಮೇಲೆ ಇದ್ದಿಲಲ್ಲಿ ಬರೆದ ಹೆಸರು, ಬಸ್ಸಿನಲ್ಲಿ ಮರೆತ ಕೊಡೆ, ಇಂಥವುಗಳ ಮೇಲೆಯೇ ಹಾಡು ಕಟ್ಟುತ್ತಿದ್ದಳು. ಗಿರಣಿಯ ಹಿಂದಿನ ಕೋಣೆಯಲ್ಲಿ ಗೋಣಿಚೀಲಗಳ ನಡುವೆ ಕೂತು ಮೊಬೈಲಿನಲ್ಲಿ ಮುದ್ರಿಸಿ ತಾನೇ ಜನಕ್ಕೆ ಕಳಿಸುತ್ತಿದ್ದಳು. ಗಿಟಾರಿಗೆ ಕಿಟಕಿ ಪಕ್ಕದ ಸೀಟು ಕೊಟ್ಟು, ತಾನು ನಿಂತು, ಎಂಟು ವರ್ಷ ಊರೂರು ಸುತ್ತಿದಳು. ಕಾಲೇಜು, ಪುಸ್ತಕದಂಗಡಿ, ನಾಮಕರಣ, ಒಮ್ಮೆ ಒಂದು ದಂತವೈದ್ಯರ ಕ್ಲಿನಿಕ್ಕಿನ ಉದ್ಘಾಟನೆ. ರಾಜಧಾನಿಯ ಕ್ಯಾಸೆಟ್ ಕಂಪನಿಯವನೊಬ್ಬ ಇವಳ ಹಾಡು ಕೇಳಿ, "ದನಿ ತೆಳು ಆಯ್ತಮ್ಮ. ಹಿಂದೆ ನಾಲ್ಕು ಜನ ಕೋರಸ್ ಹಾಕಿ, ಮುಂದೆ ಇನ್ನೊಬ್ಬರನ್ನ ನಿಲ್ಲಿಸೋಣ" ಎಂದನಂತೆ.

"ಮುಂದೆ ಇನ್ನೊಬ್ಬರು ನಿಂತರೆ ನಾನೆಲ್ಲಿ ಸಾರ್?" ಎಂದು ಕೇಳಿದ್ದಾಳೆ.

"ನೀವು ಬರೀತಾ ಇರಿ."

ಮುಂದಿನ ಬಸ್ಸಿಗೆ ವಾಪಸು ಬಂದಳು. ಬಂದ ಸಿಟ್ಟಿಗೆ ಎರಡು ದಿನ ಒಂದೇ ಹೊತ್ತಿಗೆ ಮೈದಾನದಲ್ಲಿ ಕೂತು ಒಂದೇ ಹಾಡು ಹಾಡಿದಳು. ಎರಡನೇ ದಿನ, ಇವಳು ಕೆಳಗಿನ ಸ್ವರದಲ್ಲಿ ಎತ್ತಿಕೊಂಡರೆ ನಿನ್ನೆಯವಳು ಮೇಲಿನ ಸ್ವರದಲ್ಲಿ ಬಂದು ಸೇರಿಕೊಂಡಳು. ಆ ಸಂಜೆ ಚೌಡಮ್ಮ ಸೊಪ್ಪಿಗೆ ನೀರು ಚಿಮುಕಿಸುವುದನ್ನೂ ಮರೆತು ನಿಂತಿದ್ದಳು. ಅಂದಿನಿಂದ ಅದೇ ಮಂಗಳಾಳ ಪದ್ಧತಿಯಾಯಿತು. ಶನಿವಾರ ಐದೂವರೆಗೆ ಖಾಲಿ ಕುರ್ಚಿಗಳ ಮುಂದೆ ಒಬ್ಬಳೇ ಹಾಡುವುದು, ಭಾನುವಾರ ಐದೂವರೆಗೆ ತುಂಬಿದ ಮೈದಾನದಲ್ಲಿ ಆ ಶನಿವಾರದವಳ ಜೊತೆ ಹಾಡುವುದು. "ಕೋರಸ್ ಬೇಕು ಅಂದ್ರಲ್ಲ, ನಾನೇ ಇದೀನಿ" ಎನ್ನುತ್ತಿದ್ದಳು. ಅವಳಿಗಾಗಿ ಊರು ಮದುವೆಗೆ ಹಿಡಿಯುವಂತೆ ಶನಿವಾರ ಮುನ್ನಾಮೌನ ಹಿಡಿಯುತ್ತಿತ್ತು. ಶುಕ್ರವಾರ ಆಟೋದಲ್ಲಿ ಅದನ್ನು ಸಾರುತ್ತಿದ್ದವನು ನಾನು, ಶನಿವಾರ ಮೈದಾನದ ಕಾವಲೂ ನನ್ನದೇ. ಕಳ್ಳನ ಕೈಗೆ ಬೀಗದಕೈ ಕೊಟ್ಟಂತೆ.

ಆ ಶನಿವಾರವೂ ನಾನು ಕಾವಲಿದ್ದೆ. ಹನ್ನೆರಡು ಹಾಡು. ಏಳನೆಯದು ಕೊಡೆಯ ಹಾಡು:

ಬಸ್ಸಿನಲ್ಲಿ ಬಿಟ್ಟ ಕೊಡೆ
ಯಾರ ತಲೆಯ ಮೇಲೋ ಈಗ,
ನೆನೆದುಕೊಂಡೇ ಬಂದೆ ಮನೆಗೆ
ನೆನೆದುಕೊಂಡೇ ನಿನ್ನ.

ಇದರ ನಡುವೆ ಶನಿವಾರದವಳು ಸುಮಾರು ಎರಡು ನಿಮಿಷ ಸುಮ್ಮನಿರುತ್ತಾಳೆ, ಭಾನುವಾರದವಳು ಒಬ್ಬಳೇ ಒಂದು ನುಡಿ ಹಾಡಲೆಂದು. ನನಗೆ ಎಲ್ಲಾದರೂ ಎರಡು ನಿಮಿಷ ಖಾಲಿ ಕಂಡರೆ ನಾಲಿಗೆ ನವೆಯುತ್ತದೆ. ಮೆಲ್ಲಗೆ ಬಂಡೆಯ ಹಿಂದೆ ಸರಿದು, ಕಲ್ಲಿಗೆ ಬಾಯಿಟ್ಟು, ಮಂಗಳಾಳದೇ ದನಿಯಲ್ಲಿ, ಕೊನೆಯ ಅಕ್ಷರವನ್ನು ಅವಳಂತೆಯೇ ಸ್ವಲ್ಪ ಮೇಲಕ್ಕೆತ್ತಿ ಹೇಳಿದೆ: "ಅಯ್ಯೋ, ಇವತ್ತಿನವಳು ಶ್ರುತಿ ಬಿಟ್ಟಳಲ್ಲ. ನಿನ್ನೆ ನಾನೇ ಎಷ್ಟೋ ಚೆನ್ನಾಗಿ ಹಾಡಿದ್ದೆ. ದಿನಾ ದಿನಾ ಹಿಂಗೇ ಇಳೀತಾ ಹೋದ್ರೆ ನಾಳೆಯವಳ ಗತಿ ಏನು ತಾಯಿ?"

ಒಳ್ಳೇ ಕುಶಾಲು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು, ನಾನಲ್ಲಿರಲಿಲ್ಲ ಎನ್ನಲು ಸಾಕ್ಷಿಗಿರಲೆಂದು ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಓಡಿಬಂದು ಕೂತೆ. ಏಳು ಗಂಟೆಗೆ ಮಂಗಳಾ ಬಂದಳು. ಜೊತೆಯಲ್ಲಿ ದೊಡ್ಡ ಪೆಟ್ಟಿಗೆ ಹೊತ್ತ ಒಬ್ಬ ಗಡ್ಡದವನು.

"ಇವರು ಸಿರಿಲ್ ಅಂತ. ಬಂದರಿನವರು, ರೆಕಾರ್ಡಿಂಗ್ ಮಾಡ್ತಾರೆ. ಸಿರಿಲ್, ಇವನೇ ವಿರೂಪಿ. ನಮ್ಮ ಕಾವಲುಗಾರ."

"ರೆಕಾರ್ಡಿಂಗಾ? ಏನು ರೆಕಾರ್ಡಿಂಗು?" ಎಂದೆ.

"ನಾಳೆದು ಕಣೋ. ನನ್ನ ಮೊದಲನೇ ಆಲ್ಬಮ್ಮು. ಹನ್ನೆರಡೂ ಹಾಡು, ಎರಡು ದನಿ, ಒಂದೇ ಸಂಜೆ. ನಿನಗೆ ಮುಂಚೆ ಹೇಳಿದ್ರೆ ಊರಿಗೆಲ್ಲ ಸಾರಿಬಿಡ್ತೀಯ ಅಂತ ಹೇಳಲಿಲ್ಲ."

ಸಿರಿಲ್ ಟೀಗೆ ಊದುತ್ತಾ ಕೇಳಿದ: "ಒಂದು ವೇಳೆ ಎಲ್ಲಿಯಾದ್ರೂ ಹಾಳಾದ್ರೆ ಇನ್ನೊಂದು ಟೇಕ್ ಉಂಟಲ್ಲ ಮಾರಾಯ್ರೆ?"

"ಇಲ್ಲ. ಬಂಡೆ ಒಂದು ಸಲ ಅಂದದ್ದನ್ನ ಇನ್ನೊಂದು ಸಲ ಅನ್ನಲ್ಲ. ನಿಮಗೆ ನಾಳಿದ್ದೇ ಹಡಗಿನ ಪಾರ್ಟಿ ಕೆಲಸ, ನನಗೆ ಮಳೆಗಾಲ ಬಂದರೆ ಮೈದಾನವೇ ಇಲ್ಲ. ನಾಳೆ ಆಯ್ತೋ ಆಯ್ತು." ಅವಳು ನನ್ನ ಕಡೆ ತಿರುಗಿದಳು. "ಯಾಕೋ ಟೀ ಕುಡೀತಿಲ್ಲ?"

"ಬಿಸಿ" ಎಂದೆ. ಲೋಟ ಆಗಲೇ ತಣ್ಣಗಾಗಿತ್ತು.

ಹುಡುಗಿಯ ಎಂಟು ವರ್ಷದ ದುಡಿಮೆ, ಅದರ ನಟ್ಟನಡುವೆ ನನ್ನ ಕೊಂಕು. ನಾಳೆ ಸರಿಯಾಗಿ ಆರು ಹನ್ನೆರಡಕ್ಕೆ. ಆಡಿದ ಮಾತನ್ನು ಹಿಡಿದು ಹಿಂದಕ್ಕೆ ಎಳೆಯಲು ನಮ್ಮೂರಿನಲ್ಲಿ ಯಾರಿಗೂ ಬರುವುದಿಲ್ಲ. ಬಂದಿದ್ದರೆ ಅರ್ಧ ಊರು ಇಷ್ಟೊತ್ತಿಗೆ ಸಂಬಂಧಿಕರ ಜೊತೆ ಚೆನ್ನಾಗಿರುತ್ತಿತ್ತು.

ಭಾನುವಾರ ಬೆಳಗ್ಗೆ ಗಿರಣಿಗೆ ಹೋದೆ. ಭಾಗ್ಯಮ್ಮ ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಳು.

"ಅಮ್ಮ, ಸಂಜೆ ಆರು ಹನ್ನೆರಡಕ್ಕೆ ಗಿರಣಿ ಆನ್ ಮಾಡಿ. ಒಂದೇ ನಿಮಿಷ."

"ಇವತ್ತು ರಜ ಕಣಪ್ಪ."

"ಅದಕ್ಕೇ ಕೇಳ್ತಿರೋದು. ಮೈದಾನದ ತನಕ ಸದ್ದು ಹೋಗಬೇಕು."

"ಮಗಳ ಕಛೇರಿ ನಡೆಯೋವಾಗ ಗಿರಣಿ ಓಡಿಸಬೇಕಾ?" ಎಲೆ ಮಡಿಸಿ ಬಾಯಿಗಿಟ್ಟುಕೊಂಡು ನನ್ನನ್ನೇ ನೋಡಿದಳು. "ಯಾತಕ್ಕೆ?"

"ಅವಳ ಒಳ್ಳೇದಕ್ಕೇ."

"ಆಯ್ತು ಬಿಡು. ಆದ್ರೆ ಖಾಲಿ ಓಡಿಸಿದ್ರೆ ಕಲ್ಲು ತೇಯತ್ತೆ. ಹತ್ತು ಸೇರು ರಾಗಿ ತಾ. ಕಲ್ಲಿಲ್ಲದಂಗೆ ಆರಿಸಿರಬೇಕು."

ಹತ್ತು ಸೇರು ರಾಗಿ ಆರಿಸಿದವನಿಗೆ ಮಾತ್ರ ಗೊತ್ತು ಹತ್ತು ಸೇರು ಎಂದರೆ ಎಷ್ಟು ಎಂದು. ಮಧ್ಯಾಹ್ನದವರೆಗೂ ಮೊರ ಹಿಡಿದು ಅದೇ ಜಗಲಿಯ ಮೇಲೆ ಕೂತೆ. ಎರಡು ಸಲ ತಂದು ತೋರಿಸಿದಾಗಲೂ ಭಾಗ್ಯಮ್ಮ ಬೆರಳಾಡಿಸಿ, "ಇಲ್ಲೊಂದು ಕಲ್ಲು ಐತೆ ನೋಡು" ಎಂದು ವಾಪಸು ಕಳಿಸಿದಳು. ದಾರಿಯಲ್ಲಿ ಹೋಗುವವರೆಲ್ಲ, "ಏನು ವಿರೂಪಣ್ಣ, ಮನೆ ಅಳಿಯ ಆದ್ಯಾ?" ಎಂದು ಕೇಳಿದ್ದಾಯಿತು. ರಾಗಿಯಲ್ಲಿ ಕಲ್ಲು ಹುಡುಕುತ್ತಾ ಹುಡುಕುತ್ತಾ ನನಗೆ ಒಂದು ವಿಷಯ ಹೊಳೆಯಿತು. ಗಿರಣಿ ಸದ್ದು ಮಾಡಿದರೆ ನನ್ನ ಕೊಂಕು ಮುಚ್ಚಿಹೋಗುತ್ತದೆ, ನಿಜ. ಅವಳ ಹಾಡೂ ಮುಚ್ಚಿಹೋಗುತ್ತದೆ. ಹಲ್ಲುನೋವಿಗೆ ತಲೆ ಕಡಿದ ಹಾಗೆ. ಇದು ಅವಳಿಗೆ ಗೊತ್ತಾಗಲೇಬೇಕು, ನನ್ನ ಬಾಯಿಂದಲೇ.

ಹುಡುಕಿಕೊಂಡು ಹೋದರೆ ಕಛೇರಿಯ ದಿನ ಮಂಗಳಾ ಮಾತೇ ಆಡುವುದಿಲ್ಲ. ದನಿಗೆ ವಿಶ್ರಾಂತಿ, ಕೈಯಲ್ಲೊಂದು ಸ್ಲೇಟು. ಮೊದಲ ಸಲ ಹೋದಾಗ "ಆಮೇಲೆ" ಎಂದು ಬರೆದು ತೋರಿಸಿದಳು. ಎರಡನೇ ಸಲ ಹೋದಾಗ ಬರೆಯುವ ಶ್ರಮವನ್ನೂ ತೆಗೆದುಕೊಳ್ಳದೆ ಅದೇ ಸ್ಲೇಟು ಎತ್ತಿ ತೋರಿಸಿದಳು. ಐದು ಇಪ್ಪತ್ತಕ್ಕೆ, ವೇದಿಕೆಯ ಪಕ್ಕ ಅವಳು ತಂತಿ ಬಿಗಿಯುತ್ತಿದ್ದಾಗ, ಸ್ಲೇಟು ಕಿತ್ತುಕೊಂಡು ಎದುರಿಗೆ ನಿಂತೆ.

"ಮಂಗಳೀ, ನಿನ್ನೆ ಏಳನೇ ಹಾಡಿನ ನಡುವೆ ನಾನು ಬಂಡೆ ಹಿಂದೆ ಹೋಗಿ ನಿನ್ನ ದನೀಲಿ ಕೊಂಕು ಆಡಿದೀನಿ. ಶ್ರುತಿ ಬಿಟ್ಟಳು ಅಂತ ಅಂದಿದೀನಿ. ರೆಕಾರ್ಡಿಂಗ್ ಅಂತ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೂ ಮಾಡ್ತಿದ್ದೆನೋ ಏನೋ, ಅದೂ ಗೊತ್ತಿಲ್ಲ. ಹೊಡೀಬೇಕಂದ್ರೆ ಹೊಡಿ."

ಅವಳ ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ಸ್ಲೇಟು ತೆಗೆದುಕೊಂಡು, "ಆಮೇಲೆ"ಯನ್ನು ಸೆರಗಿನಿಂದ ಒರೆಸಿ ಬರೆದಳು: "ಮುಂದಿನ ಸಾಲಲ್ಲಿ ಕೂತ್ಕೋ. ಎದ್ದು ಹೋಗಬೇಡ."

ಕೂತೆ. ಪಕ್ಕದಲ್ಲೇ ಭಾಗ್ಯಮ್ಮ. ಅಧ್ಯಕ್ಷರು ಎರಡು ಮಾತಾಡುತ್ತೇನೆಂದು ಎದ್ದು ಇನ್ನೂರನೆಯ ಮಾತಿನಲ್ಲಿದ್ದಾಗ ಐದೂವರೆಯಾಯಿತು. ನಿನ್ನೆಯ ಗಿಟಾರು ಶುರುವಾದದ್ದೇ "ಸರ್ವತೋಮುಖ ಅಭಿ" ಎಂಬಲ್ಲಿ ಕೂತುಬಿಟ್ಟರು. ಮಂಗಳಾ ಹಾಡತೊಡಗಿದಳು. ನಾನು ಅವಳ ಹಾಡನ್ನು ನೂರಾರು ಸಲ ಕೇಳಿದವನು. ಆ ದಿನದ್ದೇ ಬೇರೆ. ಎಲ್ಲಿ ನಿನ್ನೆಯವಳು ಮೇಲೆ ಹೋಗುತ್ತಾಳೋ ಅಲ್ಲಿ ಇವಳು ಕೆಳಗೆ ಹಾಸಿಗೆ ಹಾಸಿದಂತೆ ಕಾಯುವಳು. ಅವಳು ಉಸಿರೆಳೆದುಕೊಂಡಲ್ಲಿ ಇವಳು ಸಾಲು ತುಂಬುವಳು. ದನಿ ತೆಳುವಾದದ್ದೇ ಒಳ್ಳೆಯದಾಯಿತು ಎನಿಸಿತು. ದಪ್ಪ ದನಿಗಳಾಗಿದ್ದರೆ ಒಂದರೊಳಗೆ ಇನ್ನೊಂದು ಹಾಗೆ ಹೊಗುತ್ತಿರಲಿಲ್ಲ. ಸಿರಿಲ್ ಕಣ್ಣು ಮುಚ್ಚಿ ಹೆಡ್‌ಫೋನ್ ಒತ್ತಿ ಹಿಡಿದಿದ್ದ. ಆರು ಹಾಡು ಹೀಗೆ ಹೋದವು. ಪ್ರತಿಯೊಂದು ಚೆನ್ನಾದಷ್ಟೂ ನಾನು ಗಡಿಯಾರ ನೋಡುವುದು ಹೆಚ್ಚಾಯಿತು.

ಏಳನೆಯದು ಶುರುವಾಯಿತು. "ನೆನೆದುಕೊಂಡೇ ನಿನ್ನ" ಎಂದು ಇಬ್ಬರೂ ಒಟ್ಟಿಗೆ ಇಳಿದರು. ನಿನ್ನೆಯವಳು ಸುಮ್ಮನಾದಳು. ಆರು ಹನ್ನೆರಡು. ಇಷ್ಟೆಲ್ಲ ತಿಳಿದೂ ಹಾಳು ಆಸೆ ಬಿಡಲಿಲ್ಲ, ಗಿರಣಿಯ ಕಡೆ ಕಿವಿಗೊಟ್ಟೆ. ನಿಶ್ಶಬ್ದ.

"ಬೆಲ್ಟು ಕಿತ್ತೋಯ್ತು ಕಣಪ್ಪ" ಎಂದಳು ಭಾಗ್ಯಮ್ಮ, ಮುಂದೆ ನೋಡುತ್ತಲೇ.

ಇವತ್ತಿನ ಮಂಗಳಾ ತನ್ನ ಒಂಟಿ ನುಡಿಯನ್ನು ಎತ್ತಿಕೊಳ್ಳಬೇಕಿತ್ತು. ಎತ್ತಿಕೊಳ್ಳಲಿಲ್ಲ. ತಂತಿಗಳನ್ನು ಮೆಲ್ಲಗೆ ಮೀಟುತ್ತಾ, ಅತಿಥಿಗೆ ಬಾಗಿಲು ತೆರೆದವಳಂತೆ ಬಂಡೆಯ ಕಡೆ ತಿರುಗಿದಳು. ಬಂತು. "ಅಯ್ಯೋ, ಇವತ್ತಿನವಳು ಶ್ರುತಿ ಬಿಟ್ಟಳಲ್ಲ." ಮೈದಾನ ಬೆಚ್ಚಿತು. ಸಿರಿಲ್ ಕಣ್ಣು ಬಿಟ್ಟು ಎರಡೂ ಕೈ ಮೇಲೆತ್ತಿದ. ಮಂಗಳಾ ಮುಂದುವರಿಸಿ ಎಂಬಂತೆ ಗಲ್ಲ ಆಡಿಸಿದಳು. "ನಾಳೆಯವಳ ಗತಿ ಏನು ತಾಯಿ?" ಎಂದು ನನ್ನ ಕೊಂಕು ಮುಗಿಯಿತು. ನಾನು ಕಣ್ಣು ಮುಚ್ಚಿಕೊಂಡೆ.

"ನಾಳೆಯವಳು ನಾಳೆ ನೋಡ್ಕೋತಾಳೆ ಬಿಡೇ" ಎಂದಳು ಇವತ್ತಿನ ಮಂಗಳಾ, ತಾಳ ತಪ್ಪದೆ. "ನೀನು ಯಾರು, ಅದನ್ನ ಹೇಳು ಮೊದಲು."

ಆಗ ಬಂಡೆಯಿಂದ ಇನ್ನೊಂದು ದನಿ ಹೊರಟಿತು. ಗಂಡಸಿನದು. ಮೂಗಿನಲ್ಲಿ ಅರ್ಧ, ಗಂಟಲಲ್ಲಿ ಅರ್ಧ, ಪ್ರತಿ ಮಾತಿನ ಕೊನೆಯನ್ನು ಹರಿದ ಚಪ್ಪಲಿಯಂತೆ ಎಳೆಯುವ ದನಿ. "ಮಹಾಜನಗಳಲ್ಲಿ ವಿನಂತಿ. ಈಗ ತಾವು ಕೇಳಿದ್ದು ಕುಮಾರಿ ಸರ್ವಮಂಗಳಾ ಅವರ ದನಿಯಲ್ಲ. ಅದು ನಾನು. ಬಂಡೆಯ ಬೆನ್ನಿಗೆ ನನ್ನ ಹೊಟ್ಟೆ ಆನಿಸಿಕೊಂಡು ನಿಂತಿದ್ದೆ. ಕೆಂಜಿಗ ಕಚ್ಚಿದರೂ ಕಾವಲು ಬಿಡಲಿಲ್ಲ. ಮಾತಾಡಿ ಮುಗಿಸಿ, ಇಗೋ, ಟೀ ಅಂಗಡಿಗೆ ಓಡುತ್ತಿದ್ದೇನೆ. ನನ್ನ ಸೈಕಲ್ಲು ಮಾತ್ರ ಹುಣಸೆಮರಕ್ಕೆ ಒರಗಿಕೊಂಡೇ ಇದೆ, ಮರೆತೆ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ನಾನು ಭಾಗ್ಯಮ್ಮನ ಕಡೆ ಬಾಗಿ ಕೇಳಿದೆ, "ಯಾರಮ್ಮ ಇವನು, ಗೊಗ್ಗರು ದನಿಯವನು?"

ಭಾಗ್ಯಮ್ಮ ಮೊದಲ ಸಲ ನನ್ನ ಕಡೆ ತಿರುಗಿದಳು. "ನಿನ್ನ ದನಿ ನಿನಗೆ ಗೊತ್ತಾಗಲಿಲ್ವೇನಪ್ಪ?"

ಊರಿನವರ ದನಿಯನ್ನೆಲ್ಲ ಬಾಯಲ್ಲಿಟ್ಟುಕೊಂಡು ತಿರುಗಿದವನಿಗೆ ತನ್ನದೊಂದು ದನಿ ಇರುವುದು, ಅದು ಹೀಗಿರುವುದು, ಮೂವತ್ತೊಂದನೇ ವಯಸ್ಸಿನಲ್ಲಿ, ಊರೆಲ್ಲ ಕೂತಿರುವಾಗ ತಿಳಿಯಿತು. ಅವಳು ನಿನ್ನೆ ಎಲ್ಲ ಕೇಳಿಸಿಕೊಂಡಿದ್ದಳು. ನಾನು ಓಡಿದ ಮೇಲೆ ಉಳಿದ ಒಂದು ನಿಮಿಷದಲ್ಲಿ ನನ್ನ ದನಿ ತಾನೇ ಮಾಡಿ, ನನ್ನನ್ನು ಹಾಗೆ ಹಾಗೆಯೇ ಎತ್ತಿ ಬಂಡೆಯೊಳಗಿಟ್ಟು, ಏನೂ ಆಗದವಳಂತೆ ಬಂದು ಟೀ ಕುಡಿದಿದ್ದಳು. ತಾಯಿಯ ಆ ರಾಗಿಯೂ, ಮಗಳ ಆ ಸ್ಲೇಟೂ ಅದರದೇ ಮುಂದಿನ ನುಡಿಗಳು, ಇಬ್ಬರೂ ಕೂಡಿ ಕಟ್ಟಿದ್ದು.

ನನ್ನ ದನಿ ಇನ್ನೂ ಮುಗಿದಿರಲಿಲ್ಲ. "ಕೊನೆಯದಾಗಿ ಮಹಾಜನಗಳಲ್ಲಿ ಮತ್ತೊಂದು ವಿನಂತಿ. ಎಷ್ಟೋ ಭಾನುವಾರದಿಂದ ಈ ಹುಡುಗಿ ತನಗೆ ತಾನೇ ಜೊತೆ ಹಾಡಿಕೊಳ್ಳುತ್ತಿದ್ದಾಳೆ. ಕೊಡೆಯ ಹಾಡಿನ ಕೊನೆಯ ನುಡಿ ನಿಮಗೆಲ್ಲ ಬಾಯಿಪಾಠ. ಸುಮ್ಮನೆ ಕೂತಿದ್ದು ಸಾಕು, ದನಿ ಸೇರಿಸಬೇಕಾಗಿ ಕೋರಿಕೆ. ಯಾರ ದನಿಯನ್ನೂ ಮಾಡಬೇಡಿ. ಅವರವರದೇ ಇರಲಿ."

ಸರಿಯಾಗಿ ಆ ಮಾತಿಗೆ ನಿನ್ನೆಯ ಮಂಗಳಾ ಹಾಡಿಗೆ ಮರಳಿದಳು, ಇವತ್ತಿನವಳು ಕೆಳಗಿನಿಂದ ಬಂದು ಕೂಡಿಕೊಂಡಳು, ಚೌಡಮ್ಮ ಶುರುಮಾಡಿದಳು, ಅಧ್ಯಕ್ಷರು ತಮಗೆ ತಿಳಿದ ಒಂದೇ ಸ್ವರದಲ್ಲಿ ಸೇರಿದರು. ಇಡೀ ಮೈದಾನ ಕೊಡೆಯಿಲ್ಲದೆ ನೆನೆಯುತ್ತಾ ಹಾಡಿತು. ನಾನೂ ಬಾಯಿ ತೆರೆದೆ. ಆ ಗೊಗ್ಗರು ದನಿಯೇ ಬಂತು, ಬೇರೆ ಯಾವುದೂ ಒದಗಲಿಲ್ಲ. ನುಡಿ ಮುಗಿದು ತಂತಿ ನಿಂತಾಗ ಮಂಗಳಾ ನನ್ನನ್ನು ನೋಡಿ, ನನ್ನದೇ ದನಿಯಲ್ಲಿ, "ವಿನಂತಿ ಮನ್ನಿಸಿದ್ದಕ್ಕೆ ಧನ್ಯವಾದ" ಎಂದು ಕೊನೆಯನ್ನು ಎಳೆದಳು. ಆಮೇಲೆ ಮೈದಾನಕ್ಕೆ ಮೈದಾನವೇ ನಕ್ಕಿತು. ಹಾಡು ಹಾಡಿಗೂ ಯಂತ್ರ ನಿಲ್ಲಿಸುತ್ತಿದ್ದ ಸಿರಿಲ್ ನಗುತ್ತಾ ಅದನ್ನು ಮರೆತ. ಮರೆತದ್ದೇ ಒಳ್ಳೆಯದಾಯಿತು, ಆ ಆಲ್ಬಮ್ಮನ್ನು ಈಗ ಕೇಳುವವರು ಮೊದಲು ಹಾಕಿಸುವುದು ಏಳನೇ ಹಾಡನ್ನೇ. ಆ ಕ್ಯಾಸೆಟ್ ಕಂಪನಿಯವನು ಫೋನ್ ಮಾಡಿ, "ಆ ಮಿಮಿಕ್ರಿ ಹುಡುಗ ಯಾರಮ್ಮ, ತುಂಬಾ ಸಹಜವಾಗಿ ಮಾಡಿದಾನೆ" ಎಂದನಂತೆ. "ಅದು ನಾನೇ ಸಾರ್. ಮುಂದೆ ನಿಂತಿದೀನಿ" ಎಂದಳಂತೆ.

ಸೋಮವಾರ ಸಂಜೆ ಸೈಕಲ್ಲು ತರಲು ಹುಣಸೆಮರದ ಹತ್ತಿರ ಹೋಗಿದ್ದೆ. ಆರು ಹದಿನೈದಕ್ಕೆ ಬಂಡೆಯಿಂದ ನಿನ್ನೆಯ ನಗು ಶುರುವಾಯಿತು. ಸೊಪ್ಪು ಕಟ್ಟುತ್ತಿದ್ದ ಚೌಡಮ್ಮ ತಲೆಯೆತ್ತಿದಳು. ನೂರಾರು ಜನರ ನಗು, ಅದರ ನಡುವೆ ಎಲ್ಲರಿಗಿಂತ ಮೇಲೆ, ನಿಲ್ಲಿಸಲಾರದೆ, ಮೂಗಿನಲ್ಲಿ ಅರ್ಧ ಗಂಟಲಲ್ಲಿ ಅರ್ಧ, ಕೊನೆಯನ್ನು ಹರಿದ ಚಪ್ಪಲಿಯಂತೆ ಎಳೆಯುವ ಒಂದು ನಗು. ಯಾರದೆಂದು ಈ ಸಲ ನಾನು ಯಾರನ್ನೂ ಕೇಳಲಿಲ್ಲ.